ಒಂದು ರಾತ್ರಿಯ ಬಾಡಿಗೆ: ಸಿನಿಮಾ ಮನೆಗೆ ಬಂದ ಕಥೆ



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರ 2022ರ ಏಪ್ರಿಲ್ 14ರಂದು ತೆರೆಕಂಡಿತು. ಒಂದು ತಿಂಗಳು ಕಳೆದ ಮೇಲೆ, ಮೇ 16ರಂದು, ಅಮೆಜಾನ್ ಪ್ರೈಮ್ ವಿಡಿಯೋ ಅದನ್ನು 199 ರೂಪಾಯಿ ಬಾಡಿಗೆಗೆ ಒದಗಿಸಿತು. ವರ್ಷದ ಚಂದಾ 1,499 ರೂ. ಕಟ್ಟಿದ್ದವರೂ ಈ 199 ರೂಪಾಯಿಯನ್ನು ಪ್ರತ್ಯೇಕವಾಗಿ ಕೊಡಬೇಕಿತ್ತು. ಜೂನ್ 3ರ ನಂತರ ಚಂದಾದಾರರಿಗೆ ಆ ಹೆಚ್ಚುವರಿ ಹಣ ಬೇಕಾಗಲಿಲ್ಲ. ಎಂದರೆ ಹದಿನೆಂಟು ದಿನ ಕಾಯುವ ತಾಳ್ಮೆಯ ಬೆಲೆ 199 ರೂಪಾಯಿ. ಇನ್ನೂ ಒಂದು ಷರತ್ತಿತ್ತು: ಹಣ ಕೊಟ್ಟ ಮೂವತ್ತು ದಿನದೊಳಗೆ ನೋಡಲು ತೊಡಗಬೇಕು, ತೊಡಗಿದ 48 ಗಂಟೆಯೊಳಗೆ ಮುಗಿಸಬೇಕು.

ಬಸವಕಲ್ಯಾಣದಲ್ಲೋ ಹುಮನಾಬಾದಿನಲ್ಲೋ ಕುಳಿತು ಮೊಬೈಲಿನಲ್ಲಿ ಈ ಷರತ್ತನ್ನು ಓದಿದ ನಿಮಗೆ ಇದು ಹೊಸದೆನಿಸಬಹುದು. ಮನೆಯ ಹಿರಿಯರನ್ನು ಕೇಳಿ ನೋಡಿ. “ನಾಳೆ ಮುಂಜಾನೆ ಹತ್ತರೊಳಗೆ ಕ್ಯಾಸೆಟ್ ತಂದುಕೊಡಬೇಕು, ಇಲ್ಲಾಂದ್ರ ಇನ್ನೊಂದು ದಿನದ ಬಾಡಿಗೆ” ಎಂಬ ಮಾತನ್ನು ಅವರು ಕೇಳಿಯೇ ಇರುತ್ತಾರೆ. ಸಿನಿಮಾವನ್ನು ಮಾರಬೇಕೋ ಬಾಡಿಗೆಗೆ ಕೊಡಬೇಕೋ ಎಂಬ ಪ್ರಶ್ನೆ ಸಿನಿಮಾದಷ್ಟೇ ಹಳೆಯದು. ಉತ್ತರ ಮಾತ್ರ ಪ್ರತಿ ಮೂವತ್ತು ನಲವತ್ತು ವರ್ಷಕ್ಕೊಮ್ಮೆ ಮಗ್ಗುಲು ಬದಲಾಯಿಸುತ್ತಾ ಬಂದಿದೆ.

ಮೊದಲಿಗೆ ಚಿತ್ರಗಳನ್ನು ಬಟ್ಟೆಯಂತೆ ಅಳತೆ ಮಾಡಿ ಮಾರುತ್ತಿದ್ದರು. ಇಷ್ಟು ಮೀಟರಿಗೆ ಇಷ್ಟು ಹಣ. ಯೂರೋಪಿನ ಜಾತ್ರೆಗಳಲ್ಲಿ ಗುಡಾರ ಹಾಕುತ್ತಿದ್ದವರು ಕೊಂಡು, ಸವೆಯುವವರೆಗೆ ತೋರಿಸಿ, ಸವೆದದ್ದನ್ನು ಇನ್ನೊಬ್ಬರಿಗೆ ಮಾರುತ್ತಿದ್ದರು. 1907ರಲ್ಲಿ ಫ್ರಾನ್ಸಿನ ಪಾಥೆ ಕಂಪನಿ ಇನ್ನು ಮುಂದೆ ಮಾರುವುದಿಲ್ಲ, ಬಾಡಿಗೆಗಷ್ಟೇ ಕೊಡುತ್ತೇವೆ ಎಂದು ಸಾರಿತು. ಮಾರಿದ ವಸ್ತು ಕೈತಪ್ಪುತ್ತದೆ. ಬಾಡಿಗೆಗೆ ಕೊಟ್ಟದ್ದು ಮರಳಿ ಬರುತ್ತದೆ, ಮತ್ತೆ ದುಡಿಯುತ್ತದೆ. ಚಿತ್ರಮಂದಿರದ ವ್ಯಾಪಾರ ಅಂದಿನಿಂದ ಈ ದಾರಿಯಲ್ಲೇ ನಡೆದಿದೆ. ಮಾಲೀಕ ಚಿತ್ರವನ್ನು ಕೊಳ್ಳುವುದಿಲ್ಲ. ನಿಗದಿ ಬಾಡಿಗೆಗೋ ಗಳಿಕೆಯ ಶೇಕಡಾವಾರು ಪಾಲಿಗೋ ತರಿಸಿಕೊಳ್ಳುತ್ತಾನೆ.

ನಮ್ಮ ಭಾಗದಲ್ಲಿ ಈ ತರಿಸಿಕೊಳ್ಳುವ ಕೆಲಸಕ್ಕೆ ಒಂದು ವಿಶೇಷ ಇತಿಹಾಸವಿದೆ. ಬಸವಕಲ್ಯಾಣ, ಹುಮನಾಬಾದ್ ಎರಡೂ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನೀಲಂಗಾಗಳು ಅಂದಿನ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ ಹೋದವು. ಆದರೆ ಸಿನಿಮಾ ಹಂಚಿಕೆದಾರರ ನಕ್ಷೆ ಇದಕ್ಕೆ ಕಿವಿಗೊಡಲಿಲ್ಲ. ಅವರ ಲೆಕ್ಕದ ‘ನಿಜಾಂ ಪ್ರದೇಶ’ ನಿಜಾಮರು ಹೋದ ಮೇಲೂ ಉಳಿಯಿತು. ತೆಲಂಗಾಣದ ಜೊತೆಗೆ ಮರಾಠವಾಡಾದ ಮತ್ತು ನಮ್ಮ ಕಡೆಯ ಜಿಲ್ಲೆಗಳನ್ನೂ ಅದು ತನ್ನೊಳಗೆ ಇಟ್ಟುಕೊಂಡಿತು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹುಮನಾಬಾದಿಗೆ ಹೈದರಾಬಾದ್ ಸುಮಾರು ನೂರೈವತ್ತು ಕಿಲೋಮೀಟರು. ಕನ್ನಡ ಚಿತ್ರದ ಡಬ್ಬಿ ಹೊರಡಬೇಕಾದ ಬೆಂಗಳೂರಿನ ಗಾಂಧಿನಗರವೋ ಆರುನೂರು ಕಿಲೋಮೀಟರಿಗೂ ದೂರ. ಹಿಂದಿ, ತೆಲುಗು ಚಿತ್ರ ಬೇಗ, ಕನ್ನಡ ಚಿತ್ರ ತಡ ಎಂಬ ನಮ್ಮ ಊರುಗಳ ಅನುಭವಕ್ಕೆ ಈ ಭೂಗೋಳವೂ ಒಂದು ಕಾರಣ. ಪ್ರೇಕ್ಷಕರ ಅಭಿಮಾನದ ಕೊರತೆ ಎಂದು ದೂರುವವರು ಮೊದಲು ಭೂಪಟ ನೋಡುವುದು ಲೇಸು.

ಡಬ್ಬಿ ಎಂದೆನಲ್ಲ, ಅದರ ತೂಕವೂ ಕಡಿಮೆಯದಲ್ಲ. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ಸಾವಿರ ಅಡಿಯ ಹದಿನಾಲ್ಕು ಸುರುಳಿ. ಒಂದೊಂದು ಪ್ರತಿಯೂ ದುಬಾರಿ. ಆದ್ದರಿಂದ ಕೆಲವೇ ಪ್ರತಿಗಳನ್ನು ಮಾಡಿಸಿ ಮೊದಲು ದೊಡ್ಡ ನಗರ, ಅನಂತರ ಜಿಲ್ಲಾ ಕೇಂದ್ರ, ಕೊನೆಗೆ ತಾಲ್ಲೂಕು ಎಂದು ಇಳಿಸುತ್ತಾ ಬರುತ್ತಿದ್ದರು. ತಾಲ್ಲೂಕಿಗೆ ಬರುವಷ್ಟರಲ್ಲಿ ಪರದೆಯ ಮೇಲೆ ಗೀರುಗಳ ಮಳೆ.

ಇಂಥ ಸಮಯದಲ್ಲಿ ವಿಡಿಯೋ ಕ್ಯಾಸೆಟ್ ಬಂತು. ದೂರದರ್ಶನ ನಮ್ಮ ಭಾಗಕ್ಕೆ ಹೊಸದೇನಲ್ಲ. 1975-76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಪಡೆದಾಗ ನೆರೆಯ ಕಲಬುರಗಿ ಜಿಲ್ಲೆಯೂ ಅದರಲ್ಲಿತ್ತು. 1977ರಲ್ಲಿ ಕಲಬುರಗಿಗೆ ದೂರದರ್ಶನ ಕೇಂದ್ರವೂ ಬಂತು. ಆದರೆ ಸಿನಿಮಾ ನೋಡುವ ಹಸಿವಿಗೆ ವಾರಕ್ಕೊಂದು ಹಿಂದಿ ಚಿತ್ರ ಯಾವ ಮೂಲೆಗೆ? 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಪ್ರಸಾರ ಆರಂಭವಾಗಿ, ಬಣ್ಣದ ಟಿ.ವಿ.ಗಳ ಆಮದಿಗೂ ದಾರಿಯಾಯಿತು. ಕೊಲ್ಲಿ ದೇಶಗಳಿಂದ ಮರಳಿದವರ ಪೆಟ್ಟಿಗೆಗಳಲ್ಲಿ ವಿ.ಸಿ.ಆರ್.ಗಳು ಬಂದಿಳಿದವು.

ಈ ಯಂತ್ರದ ಒಳಗುಟ್ಟು ಸ್ವಾರಸ್ಯವಾದದ್ದು. ನಾನು ವಿಜ್ಞಾನ ಓದಿದವನಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಸಹಿಸಿಕೊಳ್ಳಿ. ಹಾಡಿನ ಟೇಪಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ಇಪ್ಪತ್ತು ಸಾವಿರ ಕಂಪನಗಳನ್ನು ಬರೆದರೆ ಸಾಕು. ಚಿತ್ರಕ್ಕೆ ಅದು ಹತ್ತಾರು ಲಕ್ಷವಾಗುತ್ತದೆ. ಅಷ್ಟನ್ನು ಬರೆಯಲು ಟೇಪು ತಲೆಯ ಮುಂದೆ ಸೆಕೆಂಡಿಗೆ ಸುಮಾರು 4.85 ಮೀಟರ್ ವೇಗದಲ್ಲಿ ಸಾಗಬೇಕು. ಸ್ಥಿರವಾದ ತಲೆಯಿಟ್ಟು ಹಾಗೆ ಓಡಿಸಿದರೆ ಮೂರು ಗಂಟೆಯ ಚಿತ್ರಕ್ಕೆ ಐವತ್ತು ಕಿಲೋಮೀಟರಿಗೂ ಮೀರಿದ ಟೇಪು ಬೇಕು, ಹೆಚ್ಚುಕಡಿಮೆ ಹುಮನಾಬಾದಿನಿಂದ ಬೀದರಿನ ತನಕ! ಇಂಜಿನಿಯರುಗಳು ಉಪಾಯ ಮಾಡಿದರು. ಟೇಪನ್ನು ಸೆಕೆಂಡಿಗೆ 2.34 ಸೆಂಟಿಮೀಟರಿನಂತೆ ನಿಧಾನವಾಗಿ ಎಳೆದು, ಓದುವ ತಲೆಯನ್ನೇ 62 ಮಿಲಿಮೀಟರ್ ವ್ಯಾಸದ ಉರುಳೆಯ ಮೇಲಿಟ್ಟು ಸೆಕೆಂಡಿಗೆ 25 ಸುತ್ತು ತಿರುಗಿಸಿದರು. ಗೀಟುಗಳನ್ನು ಟೇಪಿಗೆ ಅಡ್ಡಡ್ಡವಾಗಿ, ಓರೆಯಾಗಿ ಬರೆದರು. ಐವತ್ತು ಕಿಲೋಮೀಟರು ಸುಮಾರು 258 ಮೀಟರಿಗೆ ಇಳಿಯಿತು, ಪುಸ್ತಕದಷ್ಟು ಗಾತ್ರದ ಡಬ್ಬಿಯಲ್ಲಿ ಹಿಡಿಸಿತು. ಜಪಾನಿನ ಜೆ.ವಿ.ಸಿ. ಕಂಪನಿ 1976ರಲ್ಲಿ ಹೊರತಂದ ವಿ.ಎಚ್.ಎಸ್. ಪದ್ಧತಿ ಇದು. ಹದಿನಾಲ್ಕು ಸುರುಳಿಗಳ ಚಿತ್ರ ಸೈಕಲ್ಲಿನ ಕ್ಯಾರಿಯರ್ ಮೇಲೆ ಊರೊಳಗೆ ಬಂತು.

ಬಾಡಿಗೆ ಅಂಗಡಿಗಳು ಅಮೆರಿಕದಲ್ಲೂ ತೆರೆದವು. 1977ರಲ್ಲಿ ಲಾಸ್ ಏಂಜಲೀಸಿನ ಜಾರ್ಜ್ ಅಟ್ಕಿನ್‌ಸನ್ ಎಂಬಾತ ಐವತ್ತು ಚಿತ್ರಗಳ ಕ್ಯಾಸೆಟ್ ಕೊಂಡು, ವರ್ಷಕ್ಕೆ 50 ಡಾಲರ್ ಸದಸ್ಯತ್ವ, ದಿನಕ್ಕೆ 10 ಡಾಲರ್ ಬಾಡಿಗೆ ಎಂದು ಆರಂಭಿಸಿದ. ಅಲ್ಲಿ ಅದು ‘ಸ್ಟೋರ್’ ಆಯಿತು, ನಮ್ಮಲ್ಲಿ ‘ವಿಡಿಯೋ ಲೈಬ್ರರಿ’. ಈ ಹೆಸರಿನ ವ್ಯತ್ಯಾಸ ಗಮನಿಸಿ. ಕನ್ನಡ ಓದುಗರಿಗೆ ಕಾದಂಬರಿಗಳ ಸರ್ಕ್ಯುಲೇಟಿಂಗ್ ಲೈಬ್ರರಿ ಮೊದಲೇ ಗೊತ್ತಿತ್ತು. ಠೇವಣಿ, ಸದಸ್ಯರ ಚೀಟಿ, ತಡವಾದರೆ ದಂಡ, ಈ ಎಲ್ಲವೂ ಪುಸ್ತಕದಂಗಡಿಯಿಂದ ಕ್ಯಾಸೆಟ್ಟಿನಂಗಡಿಗೆ ಹಾಗೆಯೇ ನಡೆದು ಬಂದವು.

ಎಂಬತ್ತರ ದಶಕದಲ್ಲಿ ಒಂದು ಕ್ಯಾಸೆಟ್ಟಿಗೆ ದಿನಕ್ಕೆ ಸಾಮಾನ್ಯವಾಗಿ ಹತ್ತು ರೂಪಾಯಿ ಆಸುಪಾಸು. ಇದು ಅಗ್ಗ ಎಂದು ನಗಬೇಡಿ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ 1985ರಿಂದ 2022ರೊಳಗೆ ಬೆಲೆಗಳು ಸುಮಾರು ಹದಿನಾಲ್ಕು ಪಟ್ಟು ಏರಿವೆ. ಅಂದಿನ ಹತ್ತು ರೂಪಾಯಿ 2022ರ ನೂರನಲವತ್ತಕ್ಕೆ ಸಮ. ‘ಕೆ.ಜಿ.ಎಫ್.’ನ 199 ರೂಪಾಯಿ ಅಷ್ಟೇನೂ ದೂರದಲ್ಲಿಲ್ಲ.

ಆದರೂ ಒಂದು ದೊಡ್ಡ ವ್ಯತ್ಯಾಸವಿತ್ತು. ಯಂತ್ರದ ಬೆಲೆ ಹತ್ತು ಸಾವಿರಕ್ಕೂ ಮೀರಿದ್ದರಿಂದ ಅದನ್ನು ಕೊಳ್ಳಬಲ್ಲವರು ವಿರಳ. ಹೀಗಾಗಿ ಬಣ್ಣದ ಟಿ.ವಿ., ವಿ.ಸಿ.ಆರ್., ಮೂರು ನಾಲ್ಕು ಕ್ಯಾಸೆಟ್, ಇವನ್ನು ಒಟ್ಟಾಗಿ ಒಂದು ರಾತ್ರಿಗೆ ಬಾಡಿಗೆಗೆ ತರುವುದು ರೂಢಿಯಾಯಿತು. ಗಣಪತಿ ಮಂಟಪಕ್ಕೆ, ಮದುವೆ ಮನೆಗೆ, ಕೆಲವೊಮ್ಮೆ ಯಾವ ನೆಪವೂ ಇಲ್ಲದೆ, ಓಣಿಯವರೆಲ್ಲ ಪಟ್ಟಿ ಹಾಕಿ ತರಿಸುತ್ತಿದ್ದರು. ಒಂದು ರಾತ್ರಿಗೆ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಐವತ್ತು ಜನ ಮೂರು ಚಿತ್ರ ನೋಡಿದರೆ ತಲೆಗೆ ಎರಡು ರೂಪಾಯಿ, ಚಿತ್ರಕ್ಕೆ ಎಪ್ಪತ್ತು ಪೈಸೆಯೂ ಇಲ್ಲ. ಅಂಗಳದಲ್ಲಿ ಮರಾಠಿ, ಉರ್ದು, ತೆಲುಗು, ಲಂಬಾಣಿ ಎಲ್ಲ ಮನೆಮಾತಿನವರೂ ಇರುತ್ತಿದ್ದರಿಂದ ಮೊದಲನೆಯದು ಯಾವ ಭಾಷೆಯ ಚಿತ್ರ ಎಂಬ ಚರ್ಚೆಗೇ ಅರ್ಧ ಗಂಟೆ ಹಿಡಿಯುತ್ತಿತ್ತು. ಟಾಕೀಸಿಗೂ ಊರಿನ ವಿಡಿಯೋ ಪಾರ್ಲರಿಗೂ ಕಾಲಿಡದಿದ್ದ ಹೆಂಗಸರು ಮತ್ತು ಮುದುಕರು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ್ದು ಈ ಅಂಗಳಗಳಲ್ಲೇ. ನನ್ನ ದೃಷ್ಟಿಯಲ್ಲಿ ವಿ.ಸಿ.ಆರ್.ನ ನಿಜವಾದ ಸಾಧನೆ ಇದು. ಸಿನಿಮಾ ಇತಿಹಾಸ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಕಾನೂನಿನ ಪ್ರಕಾರ ಇದೆಲ್ಲ ಸರಿಯೇ? ಬಹುಪಾಲು ಸರಿಯಲ್ಲ. ಅಂಗಡಿಗಳಲ್ಲಿದ್ದ ಕ್ಯಾಸೆಟ್ಟುಗಳಲ್ಲಿ ಕದ್ದು ನಕಲು ಮಾಡಿದವೇ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ತಿದ್ದುಪಡಿ ಬಂದದ್ದು ಮುಖ್ಯವಾಗಿ ಈ ಕಾರಣಕ್ಕೆ. ಸೆನ್ಸಾರ್ ಪ್ರಮಾಣಪತ್ರದ ನಕಲು, ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು, ಇವನ್ನು ವಿಡಿಯೋ ಚಿತ್ರದಲ್ಲೂ ಅದರ ಡಬ್ಬಿಯ ಮೇಲೂ ತೋರಿಸಬೇಕೆಂದು 52-ಎ ಕಲಮು ಹೇಳಿತು. ಆಂಧ್ರಪ್ರದೇಶದ ಒಂದು ವಿಡಿಯೋ ಅಂಗಡಿಯ ಪ್ರಕರಣ 1996ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಪರಾಧ ಸಾಬೀತಿಗೆ ಪ್ರತಿ ಚಿತ್ರದ ಹಕ್ಕುದಾರನನ್ನೂ ಹುಡುಕಿ ತಂದು ಸಾಕ್ಷಿ ಹೇಳಿಸಬೇಕಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು.

ಕಾನೂನು ಓದುವ ವಿದ್ಯಾರ್ಥಿಗಳು ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ನೀವು ಹಣ ಕೊಟ್ಟು ತಂದ ಕಾದಂಬರಿಯನ್ನು ಬಾಡಿಗೆಗೆ ಕೊಡಲು ಲೇಖಕರ ಅನುಮತಿ ಬೇಡ. ಒಮ್ಮೆ ಮಾರಾಟವಾದ ಪ್ರತಿಯ ಮೇಲೆ ಅವರ ಹಿಡಿತ ಮುಗಿಯಿತು. ಚಲನಚಿತ್ರಕ್ಕೆ ಮಾತ್ರ 1994ರ ತಿದ್ದುಪಡಿ ಬೇರೆ ನಿಯಮ ಮಾಡಿತು. ಪ್ರತಿ ಮೊದಲೇ ಮಾರಾಟವಾಗಿದ್ದರೂ ಅದನ್ನು ಬಾಡಿಗೆಗೆ ಕೊಡುವ ಹಕ್ಕು ಚಿತ್ರದ ಒಡೆಯನದೇ. ಅಮೆರಿಕದಲ್ಲಿ ಹೀಗಿಲ್ಲ, ಅಲ್ಲಿ ಕೊಂಡ ಕ್ಯಾಸೆಟ್ಟನ್ನು ಬಾಡಿಗೆಗೆ ಕೊಡಬಹುದಿತ್ತು. 1985ರಲ್ಲಿ ಆರಂಭವಾದ ಬ್ಲಾಕ್‌ಬಸ್ಟರ್ ಕಂಪನಿ ಒಂದು ಕಾಲಕ್ಕೆ ಒಂಬತ್ತು ಸಾವಿರ ಮಳಿಗೆಗಳವರೆಗೆ ಬೆಳೆದದ್ದು ಈ ನೆಲದ ಮೇಲೆ. ನಮ್ಮಲ್ಲಿ ಪರವಾನಗಿ ಪಡೆದು ನಡೆಸುವುದು ದುಬಾರಿ, ಪಡೆಯದೆ ನಡೆಸುವುದು ಅಪರಾಧ. ತಾಲ್ಲೂಕಿನ ಅಂಗಡಿ ದೊಡ್ಡದಾಗುವಂತೆಯೇ ಇರಲಿಲ್ಲ. 2012ರ ತಿದ್ದುಪಡಿ ‘ವಾಣಿಜ್ಯ ಬಾಡಿಗೆ’ ಎಂಬ ಪದ ತಂದು, ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಮತ್ತು ಶಿಕ್ಷಣ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿತು. ನಿಮ್ಮ ಕಾಲೇಜಿನ ಗ್ರಂಥಾಲಯ ಸಕ್ರಮವಾಗಿ ಕೊಂಡ ಡಿ.ವಿ.ಡಿ.ಯನ್ನು ನಿಮಗೆ ಎರವಲು ಕೊಡಬಹುದು. ಕೇಳಿ ನೋಡಿ.

ವಿಡಿಯೋ ಲೈಬ್ರರಿಯನ್ನು ಮುಗಿಸಿದ್ದು ಪೊಲೀಸರೂ ಅಲ್ಲ, ಕೋರ್ಟೂ ಅಲ್ಲ. ಮೊದಲ ಪೆಟ್ಟು ಕೇಬಲ್ಲಿನದು. 1992ರಲ್ಲಿ ಝೀ, 1994ರಲ್ಲಿ ಉದಯ ಬಂದವು. ಅದಕ್ಕೂ ಮುಂಚೆಯೇ ಕೇಬಲ್ ಆಪರೇಟರು ತನ್ನ ವಿ.ಸಿ.ಆರ್.ನಲ್ಲಿ ಒಂದು ಕ್ಯಾಸೆಟ್ ಹಾಕಿ ಇಡೀ ಬಡಾವಣೆಗೆ ತೋರಿಸುತ್ತಿದ್ದ. ಎರಡನೆಯ ಪೆಟ್ಟು ತಂತ್ರಜ್ಞಾನದ್ದು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಂತೆಲ್ಲ ಚಿತ್ರ ಮಸುಕಾಗುತ್ತದೆ. ಮೂರನೆಯ ನಾಲ್ಕನೆಯ ನಕಲಿನಲ್ಲಿ ನಾಯಕನ ಮೀಸೆ ಹುಡುಕಬೇಕು. “ಪ್ರಿಂಟ್ ಚೆನ್ನಾಗಿದೆ” ಎಂಬ ಒಂದು ಮಾತಿನ ಮೇಲೆ ಅಂಗಡಿ ನಡೆಯುತ್ತಿತ್ತು. 1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಅಂಕಿಗಳ ಭಾಷೆಯದು. ಅಂಕಿಯನ್ನು ಎಷ್ಟು ಸಲ ನಕಲು ಮಾಡಿದರೂ ಅಂಕಿಯೇ. ನೂರನೆಯ ಪ್ರತಿಯೂ ಮೊದಲನೆಯದರಂತೆ. ಒಂದು ಡಿಸ್ಕಿನಲ್ಲಿ 74 ನಿಮಿಷ ಮಾತ್ರ ಹಿಡಿಸುತ್ತಿದ್ದುದರಿಂದ ನಮ್ಮ ಉದ್ದ ಚಿತ್ರಗಳಿಗೆ ಎರಡು ಮೂರು ಡಿಸ್ಕು ಬೇಕಾಗುತ್ತಿದ್ದವು, ಅಷ್ಟೇ ತೊಂದರೆ.

ಮೂರನೆಯ ಪೆಟ್ಟು ಬೆಲೆಯದು, ಮತ್ತು ಇದೇ ನಿರ್ಣಾಯಕ. ಖಾಲಿ ಡಿಸ್ಕುಗಳನ್ನು ತಯಾರಿಸುತ್ತಿದ್ದ ಮೋಸರ್ ಬೇಯರ್ ಕಂಪನಿ 2006-07ರಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳ ಚಿತ್ರಗಳ ಹಕ್ಕು ಕೊಂಡು ವಿ.ಸಿ.ಡಿ.ಯನ್ನು 28 ರೂಪಾಯಿಗೆ, ಡಿ.ವಿ.ಡಿ.ಯನ್ನು 34 ರೂಪಾಯಿಗೆ ಮಾರಿತು. ಅದುವರೆಗೆ ಅಧಿಕೃತ ಡಿಸ್ಕೆಂದರೆ ಸಾಮಾನ್ಯವಾಗಿ ನೂರು ರೂಪಾಯಿಗೂ ಮೇಲೆ. ಬಾಡಿಗೆ ನಡೆಯಬೇಕಾದರೆ ಕೊಳ್ಳುವ ಬೆಲೆ ಬಾಡಿಗೆಯ ಹತ್ತಾರು ಪಟ್ಟು ಇರಬೇಕು. ದಿನಕ್ಕೆ ಹತ್ತು ರೂಪಾಯಿ ಬಾಡಿಗೆ, ಕೊಂಡರೆ ಇಪ್ಪತ್ತೆಂಟು. ಮರಳಿಸಲು ಹೋಗಿಬರುವ ಆಟೋ ಖರ್ಚು ಸೇರಿಸಿದರೆ ಕೊಳ್ಳುವುದೇ ಜಾಣತನ. 1907ರಲ್ಲಿ ಮಾರಾಟದಿಂದ ಬಾಡಿಗೆಗೆ ತಿರುಗಿದ ಸಿನಿಮಾ ನೂರು ವರ್ಷದ ಮೇಲೆ ನಮ್ಮ ಬಸ್‌ನಿಲ್ದಾಣಗಳ ಅಂಗಡಿಗಳಲ್ಲಿ ಮತ್ತೆ ಮಾರಾಟಕ್ಕೆ ತಿರುಗಿತು. ಹೆಚ್ಚು ಕಾಲ ಅಲ್ಲ. ಮೋಸರ್ ಬೇಯರ್ ಸಾಲದಲ್ಲಿ ಮುಳುಗಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಸಮಾಪ್ತಿಗೆ ಹೋಯಿತು.

ಅಷ್ಟರಲ್ಲಿ ಕಾಲಚಕ್ರ ಇನ್ನೊಂದು ಸುತ್ತು ತಿರುಗಿತ್ತು. ಅಂಚೆಯಲ್ಲಿ ಡಿ.ವಿ.ಡಿ. ಬಾಡಿಗೆಗೆ ಕಳಿಸಲು 1997ರಲ್ಲಿ ಹುಟ್ಟಿದ ನೆಟ್‌ಫ್ಲಿಕ್ಸ್ 1999ರಲ್ಲಿ ತಿಂಗಳ ಚಂದಾ ಪದ್ಧತಿ ತಂದು, 2007ರಲ್ಲಿ ಅಂತರಜಾಲದ ಮೂಲಕ ಹರಿಸತೊಡಗಿತು. ಕೆಂಪು ಲಕೋಟೆಯ ಕೊನೆಯ ಡಿಸ್ಕನ್ನು 2023ರ ಸೆಪ್ಟೆಂಬರಿನಲ್ಲಿ ರವಾನಿಸಿತು. ಬ್ಲಾಕ್‌ಬಸ್ಟರ್ 2010ರಲ್ಲೇ ದಿವಾಳಿಯಾಗಿತ್ತು. 2016 ನಮಗೆ ಮುಖ್ಯವಾದ ವರ್ಷ. ಜನವರಿಯಲ್ಲಿ ನೆಟ್‌ಫ್ಲಿಕ್ಸ್, ಸೆಪ್ಟೆಂಬರ್ 5ರಂದು ಜಿಯೋ, ಡಿಸೆಂಬರಿನಲ್ಲಿ ಪ್ರೈಮ್ ವಿಡಿಯೋ. ಮೊದಲನೆಯದೂ ಮೂರನೆಯದೂ ಅಂಗಡಿಗಳಾದರೆ ಎರಡನೆಯದು ಅಂಗಡಿಗೆ ಹೋಗುವ ರಸ್ತೆ. ರಸ್ತೆ ಅಗ್ಗವಾಗದಿದ್ದರೆ ಹುಮನಾಬಾದಿನ ಮಟ್ಟಿಗೆ ಅಂಗಡಿಯಿದ್ದೂ ಇಲ್ಲದಂತೆ. 2020ರ ಜುಲೈನಲ್ಲಿ, ಕೊರೋನಾ ಕಾಲದಲ್ಲಿ, ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಎಂಬ ಕನ್ನಡ ಚಿತ್ರಗಳು ಟಾಕೀಸನ್ನು ಮುಟ್ಟದೆ ನೇರವಾಗಿ ಮನೆಗೆ ಬಂದಾಗ ಬೆಂಗಳೂರಿಗೂ ಬಸವಕಲ್ಯಾಣಕ್ಕೂ ಒಂದೇ ದಿನ, ಒಂದೇ ಗಳಿಗೆ. ‘ನಿಜಾಂ ಪ್ರದೇಶ’ದ ಹಳೆಯ ಗೆರೆ ಅಂದು ಅಳಿಸಿಹೋಯಿತು. ಕನ್ನಡ ಚಿತ್ರ ತಡವಾಗಿ ಬರುವ ಊರಿನವನಾದ ನನಗೆ ಇದು ಸಣ್ಣ ಸಂಗತಿಯಲ್ಲ.

ದರಗಳನ್ನೂ ಗಮನಿಸೋಣ. ನೆಟ್‌ಫ್ಲಿಕ್ಸ್ 2016ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭಿಸಿ, 2019ರಲ್ಲಿ ಮೊಬೈಲಿಗೆ ಮಾತ್ರ ಎಂದು 199ಕ್ಕೆ, 2021ರ ಡಿಸೆಂಬರಿನಲ್ಲಿ 149ಕ್ಕೆ ಇಳಿಯಿತು. ಅದೇ ತಿಂಗಳು ಪ್ರೈಮ್ ಮೇಲಕ್ಕೆ ಹೋಯಿತು: ವರ್ಷಕ್ಕೆ 999 ಇದ್ದದ್ದು 1,499 ಆಯಿತು. ದಿನಕ್ಕೆ ನಾಲ್ಕು ರೂಪಾಯಿ ಚಿಲ್ಲರೆ. 2025ರ ಜೂನಿನಿಂದ ಅದರಲ್ಲಿ ಜಾಹೀರಾತುಗಳೂ ಬಂದವು. ಬೇಡವೆಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ. ಜೊತೆಗೆ ಕಣ್ಣಿಗೆ ಕಾಣದ ಬಾಡಿಗೆಯೊಂದಿದೆ. ಸಾಧಾರಣ ಸ್ಪಷ್ಟತೆಯಲ್ಲಿ ಗಂಟೆಗೆ ಒಂದು ಜಿ.ಬಿ.ವರೆಗೆ, ಉನ್ನತ ಸ್ಪಷ್ಟತೆಯಲ್ಲಿ ಮೂರು ಜಿ.ಬಿ.ವರೆಗೆ ದತ್ತಾಂಶ ಖರ್ಚಾಗುತ್ತದೆ. ಮೂರು ಗಂಟೆಗೆ ಹತ್ತಿರದ ‘ಕೆ.ಜಿ.ಎಫ್. 2’ ಸಾಧಾರಣದಲ್ಲೇ ಎರಡೂ ಮುಕ್ಕಾಲು ಜಿ.ಬಿ.ಯಷ್ಟು ಕೇಳಬಹುದು. ದಿನಕ್ಕೆ ಒಂದೂವರೆ ಜಿ.ಬಿ. ಪ್ಯಾಕಿನ ವಿದ್ಯಾರ್ಥಿಗೆ 48 ಗಂಟೆಯ ಷರತ್ತು ಏಕೆ ಬಿಗಿಯಾಗುತ್ತದೆ ಎಂಬುದನ್ನು ನೀವೇ ಕೂಡಿಸಿ ನೋಡಿ.

ಅಂಗಳದ ಐವತ್ತು ಜನರ ಲೆಕ್ಕವೂ ಬದಲಾಗಿದೆ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲೂ ಒಂದು ಖಾತೆಯನ್ನು ಒಂದೇ ಮನೆಯವರು ಬಳಸಬೇಕೆಂದು ಕಟ್ಟುಮಾಡಿತು. ಹಳೆಯ ಅಂಗಡಿಯವನಿಗೆ ಮನೆಯಲ್ಲಿ ಎಷ್ಟು ಜನ ನೋಡಿದರು ಎಂಬುದು ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಹೊಸ ಅಂಗಡಿಗೆ ನೀವು ಯಾವ ನಿಮಿಷದಲ್ಲಿ ಎದ್ದು ಹೋದಿರಿ ಎಂಬುದೂ ಗೊತ್ತು.

ಕೊಂಡದ್ದಾದರೂ ನಮ್ಮದೇ? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಚಿತ್ರ, ಪುಸ್ತಕ, ಆಟಗಳ ಮಾರಾಟದಲ್ಲಿ ‘ಕೊಳ್ಳಿ’ ಎಂಬ ಪದ ಬಳಸಿದರೆ, ಸಿಗುತ್ತಿರುವುದು ಪರವಾನಗಿ ಮಾತ್ರ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಪರವಾನಗಿ ಮುಗಿದರೆ ಚಿತ್ರ ಪಟ್ಟಿಯಿಂದ ಮಾಯ. ಕನ್ನಡಿಗರಿಗೆ ಇದು ಬರಿಯ ಗ್ರಾಹಕರ ಪ್ರಶ್ನೆಯಲ್ಲ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ಇಂದು ಒಂದು ಪ್ರತಿಯೂ ಉಳಿಯದೆ ಕಳೆದುಹೋಗಿದೆ. ಎಲ್ಲ ಪ್ರತಿಗಳೂ ಬಾಡಿಗೆಯ ಸುತ್ತು ಮುಗಿಸಿ ಸವೆದು ಹೋಗುವ ಪದ್ಧತಿಯಲ್ಲಿ ಯಾರ ಮನೆಯ ಕಪಾಟಿನಲ್ಲೂ ಒಂದು ಪ್ರತಿ ಉಳಿಯುವಂತಿರಲಿಲ್ಲ. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗುವ ಹೊತ್ತಿಗೆ ಆ ಚಿತ್ರಕ್ಕೆ ಮೂವತ್ತು ವರ್ಷ.

ಕಪಾಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲಿ ಕ್ಯಾಸೆಟ್ಟುಗಳಿದ್ದರೆ ಎಸೆಯಬೇಡಿ. ಅವುಗಳಲ್ಲಿ ಸಿನಿಮಾಕ್ಕಿಂತ ಮದುವೆ, ಜಾತ್ರೆ, ಶಾಲೆಯ ವಾರ್ಷಿಕೋತ್ಸವಗಳೇ ಹೆಚ್ಚಿರಬಹುದು. ಬೇರೆಲ್ಲೂ ಅವಕ್ಕೆ ಇನ್ನೊಂದು ಪ್ರತಿ ಇರುವುದಿಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿದೆ. ಈಗ ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ. ಕ್ಯಾಸೆಟ್ಟನ್ನು ಪುಸ್ತಕದಂತೆ ನಿಲ್ಲಿಸಿಡಿ, ಮಲಗಿಸಬೇಡಿ. ತೇವದಿಂದಲೂ ಸ್ಪೀಕರಿನ ಆಯಸ್ಕಾಂತದಿಂದಲೂ ದೂರವಿಡಿ. ಬಿಳಿಯ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಯಂತ್ರದ ತಲೆಯೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟೂ ಕೆಡುತ್ತದೆ. ಡಬ್ಬಿಯ ಮೇಲೆ ಊರು, ಇಸವಿ, ಯಾರ ಮನೆಯ ಸಮಾರಂಭ ಎಂಬುದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಅನಂತರ ಬೀದರಿನಲ್ಲೋ ಕಲಬುರಗಿಯಲ್ಲೋ ಹಳೆಯ ಮದುವೆ ವಿಡಿಯೋದವರ ಬಳಿ ನಡೆಯುವ ಯಂತ್ರ ಇದೆಯೇ ಎಂದು ವಿಚಾರಿಸಿ.